ಹತ್ತೊಂಬತ್ತು ಇಂಚಿನ ಕರಾರು

ಕಂಪನಿಗಳು ಲೆಕ್ಕದಿಂದ ಹೊಡೆದುಹಾಕಿದ ರ‍್ಯಾಕ್ ಸರ್ವರನ್ನು ಕೊಂಡು ತಂದು ಮನೆಯಲ್ಲಿ ನಡೆಸುವ ರೂಢಿಗೆ ಈಗ ಹೆಚ್ಚುಕಡಿಮೆ ಎರಡು ದಶಕದ ವಯಸ್ಸು. ಅಮೆರಿಕ, ಯುರೋಪುಗಳಲ್ಲಿ ಆನ್‌ಲೈನ್ ಹರಾಜು, ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯಂಥ ಹಳೇ ಮಾಲಿನ ಪೇಟೆ, ಹೀಗೆ ದಾರಿಗಳು ಬೇರೆಬೇರೆಯಾದರೂ ಬಂದು ಸೇರುವ ಯಂತ್ರ ಒಂದೇ ಬಗೆಯದು: ಚಪ್ಪಟೆಯಾದ, ಉದ್ದನೆಯ, ಭಾರದ ಉಕ್ಕಿನ ಪೆಟ್ಟಿಗೆ. ಅದರಲ್ಲಿ ಮನೆಯ ಫೋಟೊಗಳನ್ನು ಕಾಪಿಡುವವರಿದ್ದಾರೆ, ಸಿನಿಮಾ ಕೂಡಿಡುವವರಿದ್ದಾರೆ, ಹತ್ತಾರು ವರ್ಚುವಲ್ ಯಂತ್ರಗಳನ್ನು ಎಬ್ಬಿಸಿ ಕೆಲಸ ಕಲಿಯುವವರಿದ್ದಾರೆ. ಈ ರೂಢಿ ಯಾಕೆ ಹುಟ್ಟಿತು ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಅಗ್ಗ’ ಎಂಬುದು. ಲಕ್ಷಗಟ್ಟಲೆ ಕೊಟ್ಟು ಕೊಂಡ ಯಂತ್ರ ಕೆಲವೇ ಸಾವಿರಕ್ಕೆ ಸಿಗುವಾಗ ಯಾರು ಬಿಟ್ಟಾರು ಎಂಬ ವಾದ. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅಗ್ಗಕ್ಕೆ ಸಿಕ್ಕಿದ್ದೆಲ್ಲ ಮನೆಗೆ ಬರುವುದಿಲ್ಲ. ಕಚೇರಿ ಬಿಟ್ಟ ಸರ್ವರ್ ಮನೆ ಸೇರಲು ಮೂರು ಬಾಗಿಲುಗಳು ತೆರೆದಿರಬೇಕಾಗಿತ್ತು: ಎಲ್ಲರೂ ಒಪ್ಪಿದ ಅಳತೆ, ಕೊಂಡವನಿಗೆ ಯಂತ್ರದ ಮೇಲಿನ ಪೂರ್ತಿ ಹಕ್ಕು, ಯಾರೂ ಬೀಗ ಹಾಕಲಾಗದ ತಂತ್ರಾಂಶ. ಈ ಮೂರೂ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ತೆರೆದವು. ಮನೆಯಲ್ಲಿ ಸರ್ವರ್ ಇಡುವವನ ಅನುಕೂಲ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಅಳತೆಯ ಕಥೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ 1922ರ ಸುಮಾರಿಗೆ ತನ್ನ ಎಕ್ಸ್‌ಚೇಂಜುಗಳಲ್ಲಿ ರಿಪೀಟರ್ ಮುಂತಾದ ಸಲಕರಣೆಗಳು ತಿನ್ನುತ್ತಿದ್ದ ಜಾಗವನ್ನು ಕಡಿಮೆ ಮಾಡಲು ಒಂದು ಚೌಕಟ್ಟನ್ನು ಗೊತ್ತುಮಾಡಿತು. ಮುಂಭಾಗದ ಫಲಕದ ಅಗಲ 19 ಇಂಚು, ಅಂದರೆ 482.6 ಮಿಲಿಮೀಟರ್. ಎತ್ತರದ ಏಕಮಾನ ಒಂದೂಮುಕ್ಕಾಲು ಇಂಚು, ಅಂದರೆ 44.45 ಮಿಲಿಮೀಟರ್. ಇದನ್ನೇ ಇವತ್ತು ‘ಒಂದು ಯು’ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಸಂಘ ಇದಕ್ಕೆ ಇಐಎ-310 ಎಂಬ ಮಾನಕದ ರೂಪ ಕೊಟ್ಟಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಅದು ಐಇಸಿ 60297 ಆಯಿತು. ತೂತುಗಳ ನಡುವಿನ ಅಂತರವೂ ನಿಗದಿಯಾಗಿದೆ: ಐದು ಎಂಟಾಂಶ ಇಂಚು, ಮತ್ತೆ ಐದು ಎಂಟಾಂಶ, ಬಳಿಕ ಅರ್ಧ ಇಂಚು, ಮೂರೂ ಕೂಡಿದರೆ ಒಂದು ಯು. ಟೆಲಿಫೋನಿನ ಈ ಚೌಕಟ್ಟನ್ನು ರೇಡಿಯೊ ಕೇಂದ್ರಗಳು, ಪ್ರಯೋಗಾಲಯಗಳು, ಸಂಗೀತದ ಸ್ಟುಡಿಯೊಗಳು, ಮಿನಿ ಕಂಪ್ಯೂಟರುಗಳು ಸಾಲಾಗಿ ಹಿಡಿದವು. ನೂರು ವರ್ಷದಲ್ಲಿ ಒಳಗಿನ ಸಲಕರಣೆ ರಿಲೇಯಿಂದ ವಾಲ್ವಿಗೆ, ವಾಲ್ವಿನಿಂದ ಚಿಪ್ಪಿಗೆ ಬದಲಾದರೂ ಹೊರಗಿನ ಅಳತೆ ಕದಲಲಿಲ್ಲ. ಒಬ್ಬರ ಚೌಕಟ್ಟಿಗೆ ಇನ್ನೊಬ್ಬರ ಯಂತ್ರ ಹಿಡಿಸುತ್ತದೆ ಎಂಬ ಭರವಸೆ ಇದ್ದಾಗಲೇ ಹಳೆಯ ಯಂತ್ರಕ್ಕೆ ಹೊಸ ಜಾಗ ಸಿಗುವ ಸಾಧ್ಯತೆ ಹುಟ್ಟುವುದು.

ಬೆಲೆಯೊಂದೇ ಕಾರಣವಾಗಿದ್ದರೆ 1970 ಮತ್ತು 80ರ ದಶಕಗಳಲ್ಲಿ ಮೂಲೆಗೆ ಬಿದ್ದ ಮೇನ್‌ಫ್ರೇಮುಗಳು ಮನೆಗಳನ್ನು ಸೇರಬೇಕಾಗಿತ್ತು. ಅವು ಗುಜರಿಗೆ ಹೋದವು. ಕನೆಕ್ಟರುಗಳಿಗೆ ಲೇಪಿಸಿದ್ದ ಚಿನ್ನಕ್ಕಾಗಿ ಅವನ್ನು ಒಡೆದರು. ದೊಡ್ಡ ಮಾದರಿಗಳಿಗೆ ಮೂರು ಫೇಸಿನ ವಿದ್ಯುತ್ತು, ಎತ್ತರಿಸಿದ ನೆಲ, ತಂಪಿನ ಏರ್ಪಾಟು ಬೇಕಾಗುತ್ತಿದ್ದವು ಎಂಬುದು ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಒಡೆತನದ್ದು. ಐಬಿಎಂ ಬಹುಕಾಲ ತನ್ನ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಬಾಡಿಗೆ ಮುಗಿದ ಯಂತ್ರ ಕಂಪನಿಗೇ ವಾಪಸಾಗುತ್ತಿದ್ದರಿಂದ ಸೆಕೆಂಡ್ ಹ್ಯಾಂಡ್ ಪೇಟೆಗೆ ಮಾಲೇ ಇರಲಿಲ್ಲ. 1956ರಲ್ಲಿ ಅಮೆರಿಕ ಸರ್ಕಾರದ ಏಕಸ್ವಾಮ್ಯ ಮೊಕದ್ದಮೆ ರಾಜಿಯಲ್ಲಿ ಮುಗಿದಾಗ, ಯಂತ್ರಗಳನ್ನು ಮಾರಾಟಕ್ಕೂ ಇಡಬೇಕು, ಹೊರಗಿನ ದುರಸ್ತಿಗಾರರಿಗೆ ಬಿಡಿಭಾಗ ಮತ್ತು ಮಾಹಿತಿ ಒದಗಿಸಬೇಕು ಎಂಬ ಷರತ್ತು ಬಂತು. ಹಳೆಯ ಕಂಪ್ಯೂಟರಿನ ವ್ಯಾಪಾರಕ್ಕೆ ಕಾನೂನಿನ ನೆಲ ಸಿಕ್ಕಿದ್ದು ಹೀಗೆ. ಭಾರತದಲ್ಲಿ ಇದೇ ಕಥೆಯ ಇನ್ನೊಂದು ಮುಖ ಕಂಡಿತು. ಬೇರೆ ದೇಶಗಳಲ್ಲಿ ಬಳಸಿ ಮುಗಿದ 1401 ಮಾದರಿಯಂಥ ಯಂತ್ರಗಳನ್ನು ಐಬಿಎಂ ಇಲ್ಲಿ ರಿಪೇರಿ ಮಾಡಿ ಬಾಡಿಗೆಗೆ ಬಿಟ್ಟಿತು. ಹಳೆಯ ತಂತ್ರಜ್ಞಾನಕ್ಕೆ ದೇಶ ಮತ್ತೆಮತ್ತೆ ಬಾಡಿಗೆ ಕಟ್ಟುತ್ತಿದೆ ಎಂಬ ಟೀಕೆ ಬೆಳೆಯಿತು. ವಿದೇಶಿ ವಿನಿಮಯ ಕಾಯ್ದೆಯ ಷರತ್ತುಗಳಿಗೆ ಒಪ್ಪದೆ ಕಂಪನಿ 1978ರಲ್ಲಿ ಭಾರತ ಬಿಟ್ಟಿತು. ಹಳೆಯ ಯಂತ್ರ ಅಗ್ಗವೋ ತುಟ್ಟಿಯೋ ಎಂಬುದನ್ನು ಅದರ ವಯಸ್ಸು ತೀರ್ಮಾನಿಸುವುದಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದು ತೀರ್ಮಾನಿಸುತ್ತದೆ.

ಚೌಕಟ್ಟು ಮತ್ತು ಒಡೆತನ ಒಂದು ಕಡೆ ಸೇರಿದ್ದು ಪಿಸಿಯ ವಂಶದಲ್ಲಿ. 1981ರ ಐಬಿಎಂ ಪಿಸಿಯನ್ನು ಕಾಂಪ್ಯಾಕ್ ಮೊದಲಾದ ಕಂಪನಿಗಳು ನಕಲು ಮಾಡಿ ಅದರ ರಚನೆಯನ್ನು ಎಲ್ಲರ ಸೊತ್ತಾಗಿಸಿದವು. ಅದೇ ಕಾಂಪ್ಯಾಕ್ 1989ರಲ್ಲಿ ಸಿಸ್ಟಮ್‌ಪ್ರೊ ಎಂಬ ಸರ್ವರ್, 1993ರಲ್ಲಿ ಪ್ರೊಲಯಂಟ್ ಸರಣಿ ತಂದಾಗ, ಅಲ್ಲಿಯವರೆಗೆ ಮೇಜಿನ ಮೇಲಿದ್ದ ಪಿಸಿಯ ಅಂಗಾಂಗಗಳೇ ಕಚೇರಿಯ ಬೆನ್ನೆಲುಬಾದವು. ವೆಬ್ ಬೆಳೆದ ಹಾಗೆ ಜಾಗದ ಬಾಡಿಗೆಯೂ ಬೆಳೆಯಿತು. ನಿಂತಿದ್ದ ಡಬ್ಬಿಗಳು ಮಲಗಿ ಚಪ್ಪಟೆಯಾಗಿ ಟೆಲಿಫೋನಿನವರ ಹಳೆಯ ಚೌಕಟ್ಟನ್ನು ಹೊಕ್ಕವು. 1998ರ ಕೋಬಾಲ್ಟ್ ರ‍್ಯಾಕ್ ಎಂಬ ಯಂತ್ರ ಒಂದೇ ಯು ಎತ್ತರದ್ದು. 1999ರಲ್ಲಿ ಗೂಗಲ್ ಕಾರ್ಕಿನ ಹಾಳೆಯ ಮೇಲೆ ಬರಿಯ ಮದರ್‌ಬೋರ್ಡುಗಳನ್ನು ಜೋಡಿಸಿ ಕಟ್ಟಿಸಿದ ಕಪಾಟುಗಳಲ್ಲಿ ಒಂದು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಕೆಲವೇ ವರ್ಷಗಳಲ್ಲಿ ಡಾಟ್‌ಕಾಂ ಕುಸಿದಾಗ ಮುಚ್ಚಿದ ಕಂಪನಿಗಳ ಸಲಕರಣೆ ಹರಾಜಿಗೆ ಬಂತು. ಈ ಬಾರಿ ಅದನ್ನು ಒಡೆದು ಚಿನ್ನ ತೆಗೆಯುವ ಅಗತ್ಯ ಇರಲಿಲ್ಲ. ಮೆಮೊರಿ, ಡಿಸ್ಕು, ಕೇಬಲ್ಲು ಎಲ್ಲವೂ ಪರಿಚಿತ. ಗೋಡೆಯ ಪ್ಲಗ್ಗಿಗೆ ಹಾಕಿದರೆ ಏಳುವಂಥವು. 110ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ ಪವರ್ ಸಪ್ಲೈ ಇದ್ದುದರಿಂದ ಅಮೆರಿಕದಲ್ಲಿ ನಿವೃತ್ತಿಯಾದದ್ದು ಹುಬ್ಬಳ್ಳಿಯಲ್ಲೂ ನಡೆಯುತ್ತದೆ.

ಆರೋಗ್ಯವಾಗಿರುವ ಯಂತ್ರವನ್ನು ಕಂಪನಿಗಳು ಯಾಕೆ ಹೊರಹಾಕುತ್ತವೆ? ಉತ್ತರ ಅರ್ಧ ಲೆಕ್ಕಪತ್ರದಲ್ಲಿದೆ, ಅರ್ಧ ತಂತ್ರಜ್ಞಾನದಲ್ಲಿದೆ. ವಾರಂಟಿ ಮೂರೋ ಐದೋ ವರ್ಷಕ್ಕೆ ಮುಗಿಯುತ್ತದೆ. ಆಮೇಲಿನ ನಿರ್ವಹಣಾ ಕರಾರು ದುಬಾರಿ. ಭಾರತದ 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಮೇಜಿನ ಕಂಪ್ಯೂಟರಿಗೆ ಮೂರು ವರ್ಷ, ಸರ್ವರಿಗೆ ಆರು ವರ್ಷದ ಉಪಯುಕ್ತ ಆಯುಸ್ಸು ಬರೆದಿದೆ. ಆಯುಸ್ಸು ತೀರಿದ ಮೇಲೆ ಪುಸ್ತಕದಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ, ಯಂತ್ರ ಮಾತ್ರ ಓಡುತ್ತಲೇ ಇರುತ್ತದೆ. ಇನ್ನೊಂದು ಕಡೆ ಒಂದೇ ಯಂತ್ರದಲ್ಲಿ ಹತ್ತಾರು ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರ ಬಂದಾಗ ಹತ್ತು ಸರ್ವರುಗಳ ಕೆಲಸ ಒಂದಕ್ಕೆ ಇಳಿಯಿತು, ಉಳಿದ ಒಂಬತ್ತು ಬಾಗಿಲ ಹೊರಗೆ ನಿಂತವು. 2009ರಲ್ಲಿ ಬಂದ ಡೆಲ್ ಪವರ್‌ಎಡ್ಜ್ ಆರ್710 ಮತ್ತು ಎಚ್‌ಪಿ ಡಿಎಲ್380 ಜಿ6 ಈ ಕಾಲದ ಮಾದರಿಗಳು: ಎರಡು ಯು ಎತ್ತರ, ಎರಡು ಝಿಯಾನ್ ಪ್ರೊಸೆಸರ್, ಮೆಮೊರಿಗೆ ಹದಿನೆಂಟು ಖಾನೆ. ಹಳೆಯ ಸರ್ವರುಗಳನ್ನು ಕಚೇರಿಯಿಂದ ತಳ್ಳಲು ಹುಟ್ಟಿದ ಈ ಯಂತ್ರಗಳು ತಮ್ಮ ಸರದಿ ಬಂದಾಗ ಮನೆಗೆ ಹೋದವು, ಮತ್ತು ಅಲ್ಲಿ ಒಂದೇ ಒಂದು ಸಾಕಾಯಿತು.

ಮೂರನೆಯ ಬಾಗಿಲು ತಂತ್ರಾಂಶದ್ದು. ಕಚೇರಿಯಿಂದ ಬರುವ ಯಂತ್ರಕ್ಕೆ ಲೈಸೆನ್ಸ್ ಜೊತೆಗೆ ಬರುವುದಿಲ್ಲ, ಎಷ್ಟೋ ಸಲ ಡಿಸ್ಕೂ ಬರುವುದಿಲ್ಲ. ಉಳಿದ ಬರಿಯ ದೇಹಕ್ಕೆ ಜೀವ ತುಂಬಿದ್ದು ಮುಕ್ತ ತಂತ್ರಾಂಶ. ಸನ್ ಕಂಪನಿ 2005ರಲ್ಲಿ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೂಲವನ್ನು ಬಯಲಿಗಿಟ್ಟಿತು. ಅದೇ ವರ್ಷ ಕಡತ ಸಂಗ್ರಹಕ್ಕೆಂದೇ ಫ್ರೀನ್ಯಾಸ್ ಎಂಬ ವ್ಯವಸ್ಥೆ ಹುಟ್ಟಿತು. 2007ರಲ್ಲಿ ವರ್ಚುವಲ್ ಯಂತ್ರಗಳನ್ನು ನಡೆಸುವ ಕೆವಿಎಂ ಲಿನಕ್ಸ್ ಕರ್ನಲ್ಲಿನ ಭಾಗವಾಯಿತು, 2008ರಲ್ಲಿ ವಿಯೆನ್ನಾದ ಒಂದು ತಂಡ ಅದನ್ನು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಮೇಲೆ ಕೂರಿಸಿ ಪ್ರಾಕ್ಸ್‌ಮಾಕ್ಸ್ ಕೊಟ್ಟಿತು. ಬೀಗದ ತಂತ್ರಾಂಶ ಹಳೆಯ ಯಂತ್ರವನ್ನು ಎಷ್ಟು ಬೇಗ ಕೈಬಿಡುತ್ತದೆ ಎಂಬುದಕ್ಕೆ ಸಾಕ್ಷಿ ದೂರ ಇಲ್ಲ. ವರ್ಚುವಲ್ ಯಂತ್ರಗಳ ತಂತ್ರಾಂಶ ಮಾರುವ ವಿಎಂವೇರ್ 2020ರ ಹೊತ್ತಿಗೇ ಆರ್710 ಕಾಲದ ಪ್ರೊಸೆಸರುಗಳನ್ನು ತಾನು ಬೆಂಬಲಿಸುವ ಪಟ್ಟಿಯಿಂದ ತೆಗೆದಿತ್ತು. ಆ ಕಂಪನಿಯನ್ನು ಕೊಂಡ ಬ್ರಾಡ್‌ಕಾಂ 2024ರಲ್ಲಿ ಉಚಿತ ಆವೃತ್ತಿಯನ್ನೇ ನಿಲ್ಲಿಸಿ ಮರುವರ್ಷ ಮತ್ತೆ ತಂದಿತು. ಮುಕ್ತ ಮೂಲದ್ದೆಲ್ಲ ಶಾಶ್ವತ ಎಂದೇನೂ ಅಲ್ಲ: 2025ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಈ ಪ್ರೊಸೆಸರುಗಳು ಸಾಲವು. ಆದರೆ ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯಬಹುದು ಎಂಬುದೇ ಇಲ್ಲಿಯ ವ್ಯತ್ಯಾಸ. ಡೆಬಿಯನ್ ಅವುಗಳ ಮೇಲೆ ಈಗಲೂ ನಡೆಯುತ್ತದೆ.

ಹೀಗೆ ಬಂದ ಯಂತ್ರವನ್ನು ಮನೆಯಲ್ಲಿ ಕೂರಿಸುವುದೆಂದರೆ ಡೇಟಾ ಸೆಂಟರಿಗಾಗಿ ಎಂಜಿನಿಯರುಗಳು ಮಾಡಿದ ತೀರ್ಮಾನಗಳನ್ನು ಒಂದೊಂದಾಗಿ ಬಿಚ್ಚುವ ಕೆಲಸ. ಅಲ್ಲಿ ಜಾಗ ತುಟ್ಟಿ, ಸದ್ದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಇದು ತಲೆಕೆಳಗು. ಒಂದು ಯು ಎತ್ತರದಲ್ಲಿ 40 ಮಿಲಿಮೀಟರಿನ ಫ್ಯಾನುಗಳಷ್ಟೇ ಹಿಡಿಸುವುದರಿಂದ ಅವು ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿ ಕಿರುಚುತ್ತವೆ. ಎರಡು ಯು ಯಂತ್ರದ ದೊಡ್ಡ ಫ್ಯಾನು ಅದೇ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಮನೆಗೆ ಎರಡು ಯು ಮೇಲು ಎಂಬ ಬಳಕೆದಾರರ ಮಾತಿಗೆ ಆಧಾರ ಇದು. ಮಾನಕ ಅಗಲವನ್ನು ಗೊತ್ತುಮಾಡಿತೇ ಹೊರತು ಆಳವನ್ನಲ್ಲ. ಸರ್ವರಿನ ಆಳ ಸುಮಾರು ಮುಕ್ಕಾಲು ಮೀಟರ್ ಆದ್ದರಿಂದ ನೆಟ್‌ವರ್ಕ್ ಸಲಕರಣೆಯ ಗೋಡೆ ಕಪಾಟಿನಲ್ಲಿ ಅದು ಹಿಡಿಸುವುದಿಲ್ಲ. ನೆದರ್ಲೆಂಡ್ಸಿನ ಹವ್ಯಾಸಿಗಳು 2010ರ ಸುಮಾರಿಗೆ ಐಕಿಯಾ ಅಂಗಡಿಯ ಲ್ಯಾಕ್ ಎಂಬ ಅಗ್ಗದ ಟೀಪಾಯಿಯ ಕಾಲುಗಳ ನಡುವೆ ಸರಿಯಾಗಿ 19 ಇಂಚಿನ ಸಲಕರಣೆ ಕೂರುತ್ತದೆಂದು ತೋರಿಸಿಕೊಟ್ಟದ್ದು ಈ ತೊಡಕಿಗೆ ಒಂದು ಪರಿಹಾರ. ಡಿಸ್ಕಿನ ಕಡೆ ಇನ್ನೊಂದು ಗಂಟಿದೆ. ಆರ್710ರ ಜೊತೆ ಬರುತ್ತಿದ್ದ ಪರ್ಕ್ 6ಐ ಎಂಬ, ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡು ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲಾರದು. ಝಡ್‌ಎಫ್‌ಎಸ್ ಬೇರೆ ಡಿಸ್ಕುಗಳನ್ನು ಮಧ್ಯವರ್ತಿಯಿಲ್ಲದೆ ನೇರವಾಗಿ ಕೇಳುತ್ತದೆ. ಆದ್ದರಿಂದ ಆ ಕಾರ್ಡು ತೆಗೆದು, ಎಚ್200ನಂಥ ಇನ್ನೊಂದು ಕಾರ್ಡಿಗೆ ಬೇರೆ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್ ತುಂಬಿ ಹಾಕುವುದು ವಾಡಿಕೆಯಾಯಿತು. ಎರಡು ಪವರ್ ಸಪ್ಲೈಗಳಲ್ಲಿ ಒಂದನ್ನು ಇನ್ವರ್ಟರ್ ಲೈನಿಗೂ ಇನ್ನೊಂದನ್ನು ನೇರ ಲೈನಿಗೂ ಕೊಟ್ಟರೆ ನಮ್ಮ ಊರುಗಳ ಕರೆಂಟಿಗೆ ಅದೊಂದು ಅನುಕೂಲ. ಈ ಪ್ರತಿಯೊಂದು ಬದಲಾವಣೆಯೂ ಸಾಧ್ಯವಾದದ್ದು ಭಾಗಗಳನ್ನು ಕಳಚಿ ಬೇರೆಯದನ್ನು ಕೂರಿಸಲು ಬಂದದ್ದರಿಂದ.

ಈ ರೂಢಿಯ ವಿರುದ್ಧ ಎದ್ದು ನಿಲ್ಲುವ ಆಕ್ಷೇಪ ಕರೆಂಟ್ ಬಿಲ್ಲಿನದು. ಆನೆ ಅಗ್ಗಕ್ಕೆ ಸಿಕ್ಕಿತೆಂದು ತಂದು ಮೇವಿಗೆ ಮನೆ ಮಾರಿದಂತೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಪವರ್ ಸಪ್ಲೈ ಮೇಲೆ 570 ಅಥವಾ 870 ವ್ಯಾಟ್ ಎಂದು ಬರೆದಿದ್ದರೆ ಅದು ಗರಿಷ್ಠ ಸಾಮರ್ಥ್ಯ, ನಿತ್ಯದ ಖರ್ಚಲ್ಲ. ಆದರೂ ಎರಡು ಪ್ರೊಸೆಸರಿನ ಹಳೆಯ ಯಂತ್ರ ಹಗುರ ಕೆಲಸದಲ್ಲಿ 150 ವ್ಯಾಟ್ ಎಳೆಯಿತು ಎಂದು ಹಿಡಿದರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಅಂದಾಜಿಟ್ಟರೆ ವರ್ಷಕ್ಕೆ ಎಂಟು ಸಾವಿರದ ಹತ್ತಿರ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಮನೆಯವರೇ ಕಟ್ಟಬೇಕು. ನೂರು ಯೂನಿಟ್ಟಿನಲ್ಲಿ ಸುಧಾರಿಸುವ ಮನೆಯನ್ನು ಹಗಲೂ ರಾತ್ರಿ ಓಡುವ ಒಂದು ಸರ್ವರ್ ಆ ಗೆರೆಯಾಚೆ ತಳ್ಳಬಲ್ಲದು. ಫೋಟೊ ಇಡಲು ಮಾತ್ರ ಯಂತ್ರ ಬೇಕಾದವರಿಗೆ ಹದಿನೈದು ವ್ಯಾಟಿನ ಮಿನಿ ಪಿಸಿಯೇ ಸರಿ. ತಿಂಗಳಿಗೆ ಹನ್ನೊಂದು ಯೂನಿಟ್ ಮೀರದು. ಆದರೆ ಕಲಿಕೆಗೆ, ಪ್ರಯೋಗಕ್ಕೆ ಇಟ್ಟವರು ಅದನ್ನು ಸದಾ ಓಡಿಸಬೇಕಾಗಿಲ್ಲ. ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ 18 ಯೂನಿಟ್, ಮಲಗಿದಾಗ ಎಳೆಯುವ ಕೆಲವು ವ್ಯಾಟ್ ಅದರ ಮೇಲೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಸರ್ವರಿಗೆ ಬದಲಾಗಿ ಜನ ಕೊಳ್ಳುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗಳೂ ಬಹುಪಾಲು ಕಚೇರಿಗಳು ಬಿಟ್ಟವೇ. ಎಲ್ಲರಿಗೂ ಸಾಮಾನ್ಯವಾದ ಮೆಮೊರಿ, ಡಿಸ್ಕುಗಳ ಅಳತೆ ಇರುವುದರಿಂದಲೇ ಅವೂ ಮರುಬಳಕೆಗೆ ಬರುವುದು. ಆಕ್ಷೇಪ ಯಂತ್ರವನ್ನು ಬದಲಿಸುತ್ತದೆ, ವಾದವನ್ನಲ್ಲ.

ಎರಡನೆಯ ಆಕ್ಷೇಪ ಸುರಕ್ಷತೆಯದು, ಅದರಲ್ಲೂ ತಿರುಳಿದೆ. ಈ ಸರ್ವರುಗಳಲ್ಲಿ ಮುಖ್ಯ ಯಂತ್ರ ಮಲಗಿದ್ದಾಗಲೂ ಎಚ್ಚರವಿರುವ ಒಂದು ಪುಟ್ಟ ನಿಯಂತ್ರಕ ಇರುತ್ತದೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಲೊ. ದೂರದಿಂದ ಆನ್ ಮಾಡಲು, ಫ್ಯಾನಿನ ವೇಗ ನೋಡಲು ಅದೇ ಆಸರೆ. ಆದರೆ 1998ರಲ್ಲಿ ರೂಪಗೊಂಡ ಐಪಿಎಂಐ ಎಂಬ ಅದರ ಭಾಷೆಯಲ್ಲಿ ಪಾಸ್‌ವರ್ಡಿನ ಹ್ಯಾಶನ್ನೇ ಬಿಟ್ಟುಕೊಡುವಂಥ ದೋಷಗಳಿವೆ ಎಂದು ಡ್ಯಾನ್ ಫಾರ್ಮರ್ ಮೊದಲಾದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟರು, ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಆ ನಿಯಂತ್ರಕದ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡದೆ ಮನೆಯ ಒಳಜಾಲದಲ್ಲೇ ಕಟ್ಟಿಹಾಕುವುದು ಕಡ್ಡಾಯ. ಹಳೆಯ ಒಡೆಯರ ದತ್ತಾಂಶದ್ದು ಇನ್ನೊಂದು ಪ್ರಶ್ನೆ. ಸಲಕರಣೆಯನ್ನು ಸರಿಯಾಗಿ ಅಳಿಸದೆ ಹೊರಬಿಟ್ಟದ್ದಕ್ಕೆ ಮೋರ್ಗನ್ ಸ್ಟ್ಯಾನ್ಲಿ ಬ್ಯಾಂಕಿಗೆ ಅಮೆರಿಕದ ನಿಯಂತ್ರಕರು 2020ರಲ್ಲಿ 6 ಕೋಟಿ ಡಾಲರ್, 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದರು. ಇಂಥ ಭಯಕ್ಕೆ ಕಂಪನಿಗಳು ಡಿಸ್ಕುಗಳನ್ನು ಪುಡಿ ಮಾಡಿಸುತ್ತವೆ, ಅವುಗಳ ಜೊತೆ ಡಿಸ್ಕಿನ ಟ್ರೇಗಳೂ ಕಾಣೆಯಾಗುತ್ತವೆ. ಅಳಿಸುವುದಕ್ಕೆ ಒಪ್ಪಿತ ಕ್ರಮವಿದೆ, ಪರಿಶೀಲಿಸುವ ವಿಧಾನವಿದೆ. ಪುಡಿ ಮಾಡುವುದೊಂದೇ ದಾರಿಯಲ್ಲ. ಅಪಾಯ ಇದೆ ಎಂಬುದು ಯಂತ್ರವನ್ನು ಜೋಪಾನವಾಗಿ ಕೈಬದಲಿಸಲು ಕಾರಣವೇ ಹೊರತು ಅದನ್ನು ಗುಜರಿಗೆ ಹಾಕಲು ಅಲ್ಲ.

ಅಳತೆ, ಹಕ್ಕು, ತಂತ್ರಾಂಶ ಎಂಬುದೆಲ್ಲ ಹಿನ್ನೋಟದ ಲೆಕ್ಕಾಚಾರ, ಹುಚ್ಚು ಹವ್ಯಾಸಿಗಳಿದ್ದರೆ ಏನಾದರೂ ಮಾಡಿಕೊಳ್ಳುತ್ತಾರೆ ಎಂದು ಮೂರನೆಯ ಆಕ್ಷೇಪ ಬರಬಹುದು. ಇದಕ್ಕೆ ಉತ್ತರ ಈಗ ಕಣ್ಣೆದುರು ಮುಚ್ಚುತ್ತಿರುವ ಬಾಗಿಲುಗಳಲ್ಲಿದೆ. 2014ರ ಫೆಬ್ರುವರಿಯಲ್ಲಿ ಎಚ್‌ಪಿ ತನ್ನ ಪ್ರೊಲಯಂಟ್ ಸರ್ವರುಗಳ ಬಯೋಸ್ ಎಂಬ ಮೂಲ ಫರ್ಮ್‌ವೇರಿನ ಪರಿಷ್ಕರಣೆಯನ್ನು ವಾರಂಟಿ ಅಥವಾ ನಿರ್ವಹಣಾ ಕರಾರು ಇದ್ದವರಿಗೆ ಮಾತ್ರ ಎಂದಿತು. ಸೆಕೆಂಡ್ ಹ್ಯಾಂಡ್ ಕೊಂಡವನಿಗೆ ಎರಡೂ ಇರುವುದಿಲ್ಲ. ಡೆಲ್‌ನ ಹಿಂದಿನ ಪೀಳಿಗೆಗಳಲ್ಲಿ ಫ್ಯಾನಿನ ವೇಗವನ್ನು ಬಳಕೆದಾರನೇ ಇಳಿಸಬಹುದಾಗಿದ್ದ ಆದೇಶವನ್ನು ಮುಂದಿನ ಫರ್ಮ್‌ವೇರ್ ನಿಲ್ಲಿಸಿತು. 2011ರಲ್ಲಿ ಫೇಸ್‌ಬುಕ್ ಮುಂದಾಳಾಗಿ ಹುಟ್ಟಿದ ಓಪನ್ ಕಂಪ್ಯೂಟ್ ಯೋಜನೆಯ ಓಪನ್ ರ‍್ಯಾಕ್‌ನಲ್ಲಿ ಸಲಕರಣೆಯ ಅಗಲ 21 ಇಂಚು, ಎತ್ತರದ ಏಕಮಾನ 48 ಮಿಲಿಮೀಟರ್. ಸರ್ವರಿಗೆ ತನ್ನದೇ ಪವರ್ ಸಪ್ಲೈ ಇಲ್ಲ. ಕಪಾಟಿನ ಹಿಂದಿನ ತಾಮ್ರದ ಪಟ್ಟಿಯಿಂದ ಕರೆಂಟು ತೆಗೆದುಕೊಳ್ಳುತ್ತದೆ. ಆ ನಕ್ಷೆಗಳು ಸಾರ್ವಜನಿಕವಾಗಿವೆ, ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಮೆಚ್ಚುವಂಥವೂ ಹೌದು. ಆದರೆ ಅಂಥ ಯಂತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಯ ಪ್ಲಗ್ಗಿಗೆ ಒಗ್ಗುವುದಿಲ್ಲ. ಹವ್ಯಾಸಿಗಳ ಉತ್ಸಾಹ ಕಡಿಮೆಯಾಗಿಲ್ಲ, ಯಂತ್ರ ಕೈಗೆಟುಕುತ್ತಿಲ್ಲ. ಜೊತೆಗೆ ಕ್ಲೌಡ್ ಕಂಪನಿಗಳು ತಮ್ಮ ಸರ್ವರುಗಳ ಆಯುಸ್ಸನ್ನು ತಾವೇ ಹಿಗ್ಗಿಸಿದವು: ಅಮೆಜಾನ್ 2020ರಲ್ಲಿ ಮೂರರಿಂದ ನಾಲ್ಕು ವರ್ಷಕ್ಕೆ, ಮೈಕ್ರೋಸಾಫ್ಟ್ 2022ರಲ್ಲಿ ನಾಲ್ಕರಿಂದ ಆರಕ್ಕೆ, ಗೂಗಲ್ 2023ರಲ್ಲಿ ಆರಕ್ಕೆ. ಹಳೆಯ ಯಂತ್ರಕ್ಕೆ ಕೆಲಸ ಮಾಡುವ ಕಸುವು ಉಳಿದಿರುತ್ತದೆ ಎಂದು ಮನೆಯ ಬಳಕೆದಾರರು ಹೇಳುತ್ತಿದ್ದುದನ್ನು ಈ ಕಂಪನಿಗಳ ಲೆಕ್ಕಪತ್ರವೇ ಒಪ್ಪಿಕೊಂಡಂತಾಯಿತು.

ಇಷ್ಟರಿಂದ ಹೊರಡುವ ತೀರ್ಮಾನ ನೇರವಾದದ್ದು. ಮನೆಯ ಸರ್ವರ್ ಯಾರೋ ಕೊಟ್ಟ ಕೊಡುಗೆಯಲ್ಲ; ಟೆಲಿಫೋನಿನ ಅಳತೆ, ನ್ಯಾಯಾಲಯದ ಷರತ್ತು, ಮುಕ್ತ ತಂತ್ರಾಂಶ ಈ ಮೂರೂ ಕೂಡಿದ್ದರಿಂದ ಸಿಕ್ಕ ಅವಕಾಶ. ಯೋಜಿಸದೆ ಸಿಕ್ಕದ್ದು ಯೋಜಿಸದೆಯೇ ಕಳೆದೂ ಹೋಗಬಹುದು. ಭಾರತದ 2022ರ ಇ-ತ್ಯಾಜ್ಯ ನಿಯಮಗಳು ನವೀಕರಣಗಾರರನ್ನು ನೋಂದಾಯಿಸಿಕೊಂಡು ವ್ಯವಸ್ಥೆಯ ಒಂದು ಅಂಗವಾಗಿ ಗುರುತಿಸಿವೆ. ಅದು ಒಳ್ಳೆಯ ಮೊದಲ ಹೆಜ್ಜೆ. ಆದರೆ ಫರ್ಮ್‌ವೇರ್ ಬೀಗದ ಹಿಂದಿದ್ದರೆ ನವೀಕರಣಗಾರ ಧೂಳು ಒರೆಸುವುದಕ್ಕಷ್ಟೇ ಉಳಿಯುತ್ತಾನೆ. ಸರ್ಕಾರ, ವಿಶ್ವವಿದ್ಯಾಲಯ, ಬ್ಯಾಂಕುಗಳು ಸರ್ವರ್ ಕೊಳ್ಳುವಾಗ ಟೆಂಡರಿನಲ್ಲಿ ಎರಡು ಸಾಲು ಸೇರಿಸಲಿ: ವಾರಂಟಿ ಮುಗಿದ ಮೇಲೂ ಫರ್ಮ್‌ವೇರ್ ಪರಿಷ್ಕರಣೆ ಯಾರಿಗಾದರೂ ಸಿಗಬೇಕು, ಬಿಡಿಭಾಗಗಳು ಬೇರೆ ಕಂಪನಿಯವುಗಳ ಜೊತೆ ಹೊಂದಬೇಕು. ಒಂದೇ ಸಲಕ್ಕೆ ನೂರಾರು ಯಂತ್ರ ಕೊಳ್ಳುವವರ ಮಾತನ್ನು ತಯಾರಕರು ಕೇಳುತ್ತಾರೆ. ಹಳೆಯ ಸರ್ವರ್ ಕೊಳ್ಳಲು ಹೊರಟ ಓದುಗರು ಬೆಲೆ ವಿಚಾರಿಸುವ ಮೊದಲು ಮೂರು ಪ್ರಶ್ನೆ ಕೇಳಲಿ: ಇದರ ಫರ್ಮ್‌ವೇರ್ ಕರಾರಿಲ್ಲದೆ ಸಿಗುತ್ತದೆಯೇ, ಡಿಸ್ಕಿನ ಟ್ರೇಗಳು ಜೊತೆಗಿವೆಯೇ, ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಮೀಟರ್ ಹಾಕಿ ತೋರಿಸುತ್ತೀರಾ? ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಮಾತ್ರ ಅದು ಅಗ್ಗ.